ಕರೆಂಟ್ ಹೋಗಿ ಬಂದ ಮೇಲೂ ಎಕ್ಸೆಲ್ ಬೇಗ ತೆರೆಯಬೇಕೆ? ಆಫೀಸ್ ತಂತ್ರಾಂಶವನ್ನು ಮೊದಲೇ ಮೆಮೊರಿಗೆ ತಂದಿಡುವ ಬಗೆ

ಜುಲೈ ತಿಂಗಳು, ಬಟವಾಡೆ ದಿನ. ಕಾಫಿ ತೋಟದ ಆಫೀಸಿನಲ್ಲಿ ರೈಟರು (ತೋಟದ ಗುಮಾಸ್ತರು) ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ-ಕೂಲಿಯ ಲೆಕ್ಕ ಮುಗಿಸುವಷ್ಟರಲ್ಲಿ ಎಲ್ಲೋ ಒಂದು ಮರ ಲೈನ್ ಮೇಲೆ ಒರಗಿ ಕರೆಂಟ್ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಬಂದಾಗ ಕಂಪ್ಯೂಟರ್ ಆನ್ ಮಾಡಿ ಎಕ್ಸೆಲ್ ಒತ್ತಿದರೆ ನೀಲಿ ಬಳೆ ಸುತ್ತುತ್ತಲೇ ಇರುತ್ತದೆ. ಜಗಲಿಯಲ್ಲಿ ಕೊಡೆ ಮಡಚಿ ನಿಂತವರು ಒಳಗೆ ಇಣುಕುತ್ತಾರೆ. ಅದೇ ಎಕ್ಸೆಲನ್ನು ಮುಚ್ಚಿ ಇನ್ನೊಮ್ಮೆ ತೆರೆದು ನೋಡಿ, ಎರಡು ಮೂರು ಸೆಕೆಂಡಿನಲ್ಲಿ ಎದುರಿಗೆ ಬಂದಿರುತ್ತದೆ.

ಮೊದಲ ಸಲ ಎಕ್ಸೆಲ್‌ನ ಚೂರುಗಳೆಲ್ಲ ಹಾರ್ಡ್ ಡಿಸ್ಕಿನಿಂದ ಬರಬೇಕು. ಎರಡನೇ ಸಲಕ್ಕೆ ಅವು ಕಂಪ್ಯೂಟರಿನ ಮೆಮೊರಿಯಾದ ರ‍್ಯಾಮ್‌ನಲ್ಲೇ ಇರುತ್ತವೆ, ಏಕೆಂದರೆ ಒಮ್ಮೆ ಓದಿದ್ದನ್ನು ವಿಂಡೋಸ್ ಜಾಗ ಇರುವಷ್ಟು ಹೊತ್ತು ಬಿಸಾಡುವುದಿಲ್ಲ. ಡಿಸ್ಕ್ ಎಷ್ಟು ನಿಧಾನ ಎಂಬುದಕ್ಕೆ ಒಂದು ಲೆಕ್ಕ: ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ 8.33 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅದರ ಅರ್ಧ, ಅಂದರೆ 4.17. ಸೂಜಿಯ ಕೈ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಲು ಇನ್ನೊಂದು 8–9. ಒಟ್ಟು 13 ಮಿಲಿಸೆಕೆಂಡ್ ಎಂದುಕೊಂಡರೂ, ಡಿಸ್ಕಿನ ಉದ್ದಗಲಕ್ಕೆ ಚದುರಿದ ಸಾವಿರ ಚೂರು ಓದಲು 13 ಸೆಕೆಂಡ್ ಬೇಕು. ಹಳೆಯ ಲ್ಯಾಪ್‌ಟಾಪ್‌ಗಳ 5400 ಸುತ್ತಿನ ಡಿಸ್ಕ್ ಇದಕ್ಕಿಂತ ನಿಧಾನ.

ಮೊದಲೇ ಮೆಮೊರಿಗೆ ತುಂಬಿಸುವುದು, ಅಂದರೆ ಪ್ರೀಲೋಡ್, ಬಚ್ಚಲ ಹಂಡೆಗೆ ಬೆಳಿಗ್ಗೆಯೇ ಬೆಂಕಿ ಹಾಕಿದ ಹಾಗೆ. ಸ್ನಾನಕ್ಕೆ ಇಳಿದಾಗ ಕಾಯಬೇಕಾಗಿಲ್ಲ. ಆದರೆ ಸೌದೆ ಖರ್ಚಾಗುತ್ತದೆ, ಒಲೆಯ ಜಾಗವೂ ಹೋಗುತ್ತದೆ. ಇಲ್ಲಿ ಸೌದೆ ಎಂದರೆ ಕಂಪ್ಯೂಟರ್ ಆನ್ ಆದ ಮೊದಲ ಎರಡು ಮೂರು ನಿಮಿಷದ ಡಿಸ್ಕ್ ಕೆಲಸ, ಒಲೆಯ ಜಾಗ ಎಂದರೆ ರ‍್ಯಾಮ್. ಎರಡೂ ಇಲ್ಲದವರು ಪ್ರೀಲೋಡ್ ಮಾಡಿದರೆ ಇದ್ದ ವೇಗವೂ ಹೋಗುತ್ತದೆ. ಆದ್ದರಿಂದ ಮೊದಲು ಅಳತೆ.

ಅಳೆಯದೆ ಕೈ ಹಾಕಬೇಡಿ

ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಲಾಗಿನ್ ಆಗಿ ಐದು ನಿಮಿಷ ಏನನ್ನೂ ಮುಟ್ಟಬೇಡಿ. ಆಮೇಲೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಎಕ್ಸೆಲ್ ತೆರೆಯಿರಿ, ಖಾಲಿ ಪುಟದಲ್ಲಿ ಅಕ್ಷರ ಮೂಡುವವರೆಗಿನ ಸಮಯ ಬರೆದಿಟ್ಟುಕೊಳ್ಳಿ. ಮುಚ್ಚಿ, ಇನ್ನೊಮ್ಮೆ ತೆರೆದು ಅಳೆಯಿರಿ. ಮೊದಲನೆಯದು 20 ಸೆಕೆಂಡ್, ಎರಡನೆಯದು 3 ಸೆಕೆಂಡ್ ಬಂದರೆ ನಿಮ್ಮ ತೊಂದರೆಗೆ ಪ್ರೀಲೋಡ್ ಮದ್ದು. ಎರಡೂ ಸಲ 15 ಸೆಕೆಂಡ್ ಬಂದರೆ ಇದು ಡಿಸ್ಕಿನ ಕಾಯಿಲೆ ಅಲ್ಲ. ಆ್ಯಡ್-ಇನ್ (ಎಕ್ಸೆಲ್‌ಗೆ ಅಂಟಿಕೊಂಡು ಓಡುವ ಪುಟ್ಟ ತಂತ್ರಾಂಶ), ಪ್ರಿಂಟರ್ ಅಥವಾ ನೆಟ್‌ವರ್ಕ್ ತೊಂದರೆ. ಅದಕ್ಕೆ ಕೆಳಗೆ ಬರೋಣ.

ಇನ್ನೊಂದು ಗೊಂದಲವನ್ನೂ ಈಗಲೇ ಬಿಡಿಸಿಕೊಳ್ಳಿ. ಖಾಲಿ ಎಕ್ಸೆಲ್ ಬೇಗ ತೆರೆದು, ‘ಕೊಯ್ಲು ಲೆಕ್ಕ’ದ ಫೈಲ್ ಮಾತ್ರ ನಿಧಾನವಾದರೆ ತಪ್ಪು ಫೈಲಿನಲ್ಲಿದೆ. ಬೇರೆ ಫೈಲುಗಳಿಗೆ ಕೊಂಡಿ, ಸಾವಿರಾರು ಸಾಲುಗಳಲ್ಲಿ ಇನ್‌ಡೈರೆಕ್ಟ್, ಆಫ್‌ಸೆಟ್ ಥರದ ಸೂತ್ರಗಳು, ಹಾಳೆಯ ಕೊನೆಯ ಸಾಲಾದ 10,48,576ರವರೆಗೂ ಹಾಕಿದ ಬಣ್ಣ ಮತ್ತು ಗೆರೆ, ಇವೇ ಸಾಮಾನ್ಯ ಕಾರಣ. ಕಂಟ್ರೋಲ್ ಮತ್ತು ಎಂಡ್ ಕೀ ಒಟ್ಟಿಗೆ ಒತ್ತಿ. ನಿಮ್ಮ ಲೆಕ್ಕ 300ನೇ ಸಾಲಿಗೆ ಮುಗಿದಿದ್ದರೂ ಕರ್ಸರ್ ಎಲ್ಲೋ ಪಾತಾಳಕ್ಕೆ ಇಳಿದರೆ, ಆ ಖಾಲಿ ಸಾಲುಗಳನ್ನು ಆಯ್ದು ಡಿಲೀಟ್ ಮಾಡಿ ಸೇವ್ ಮಾಡಿ.

ಇನ್ನು ರ‍್ಯಾಮ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ನಿತ್ಯ ಬಳಸುವ ಬ್ರೌಸರ್, ಟ್ಯಾಲಿ, ನುಡಿ ಎಲ್ಲ ತೆರೆದಿಟ್ಟು ‘ಅವೈಲಬಲ್’ ಎಂಬ ಅಂಕಿ ನೋಡಿ. 2 ಜಿಬಿಗಿಂತ ಹೆಚ್ಚಿದ್ದರೆ ಧೈರ್ಯವಾಗಿ ಮುಂದುವರಿಯಿರಿ. 1 ಜಿಬಿ ಆಸುಪಾಸಿದ್ದರೆ ಒಂದೇ ಒಂದು ತಂತ್ರಾಂಶವನ್ನು ಪ್ರೀಲೋಡ್ ಮಾಡಿ. ಅದಕ್ಕೂ ಕಡಿಮೆ ಇದ್ದರೆ ಬಿಟ್ಟುಬಿಡಿ. ಒಟ್ಟು 4 ಜಿಬಿ ರ‍್ಯಾಮ್‌ನ ಕಂಪ್ಯೂಟರಿನಲ್ಲಿ ವಿಂಡೋಸೇ ಅರ್ಧಕ್ಕೂ ಹೆಚ್ಚು ತಿಂದಿರುತ್ತದೆ. ಅಲ್ಲಿ ಪ್ರೀಲೋಡ್ ಮಾಡಿದ್ದನ್ನು ವಿಂಡೋಸ್ ಮತ್ತೆ ಡಿಸ್ಕಿನ ಪೇಜ್ ಫೈಲಿಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ತಳ್ಳುತ್ತದೆ. ಅಲ್ಲಿಗೆ ಹಂಡೆಯ ನೀರನ್ನು ಹೊರಗೆ ಚೆಲ್ಲಿ ಮತ್ತೆ ಸೇದಿ ತಂದ ಹಾಗಾಯಿತು.

ಲಿಬ್ರೆ ಆಫೀಸ್ ಇದ್ದವರಿಗೆ

ಇದು ಎಲ್ಲಕ್ಕಿಂತ ಸುಲಭ, ಏಕೆಂದರೆ ಪ್ರೀಲೋಡ್ ಅದರೊಳಗೇ ಇದೆ. ಹೆಸರು ಕ್ವಿಕ್‌ಸ್ಟಾರ್ಟರ್. ವಿಂಡೋಸಿನಲ್ಲಿ ಟೂಲ್ಸ್, ಆಪ್ಷನ್ಸ್, ಲಿಬ್ರೆ ಆಫೀಸ್, ಜನರಲ್ ಎಂಬಲ್ಲಿ ‘ಲೋಡ್ ಲಿಬ್ರೆ ಆಫೀಸ್ ಡ್ಯೂರಿಂಗ್ ಸಿಸ್ಟಮ್ ಸ್ಟಾರ್ಟ್-ಅಪ್’ ಎಂಬುದಕ್ಕೆ ಟಿಕ್ ಹಾಕಿ (ತೀರಾ ಹಳೆಯ ಆವೃತ್ತಿಗಳಲ್ಲಿ ಇದು ಮೆಮೊರಿ ಎಂಬ ಪುಟದಲ್ಲಿತ್ತು). ಮುಂದಿನ ಸಲ ಲಾಗಿನ್ ಆದಾಗ ಗಡಿಯಾರದ ಪಕ್ಕ ಒಂದು ಚಿಹ್ನೆ ಕೂತಿರುತ್ತದೆ. ರೈಟರ್, ಕ್ಯಾಲ್ಕ್, ಇಂಪ್ರೆಸ್ ಮೂರಕ್ಕೂ ಒಳಗಿನ ಎಂಜಿನ್ ಒಂದೇ ಆದ್ದರಿಂದ ಒಂದು ಟಿಕ್ ಮೂರಕ್ಕೂ ಸಾಕು. (ಇಲ್ಲಿ ರೈಟರ್ ಅಂದರೆ ತಂತ್ರಾಂಶ, ತೋಟದ ರೈಟರಿಗೆ ಇಂಥ ಸೌಲಭ್ಯ ಇನ್ನೂ ಬಂದಿಲ್ಲ.)

ಜೊತೆಗೆ ಅದೇ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಪುಟದಲ್ಲಿ ‘ಯೂಸ್ ಎ ಜಾವಾ ರನ್‌ಟೈಮ್ ಎನ್ವಿರಾನ್‌ಮೆಂಟ್’ ಟಿಕ್ ತೆಗೆದು ನೋಡಿ. ಬೇಸ್ ಎಂಬ ಡೇಟಾಬೇಸ್ ಭಾಗಕ್ಕೂ ಕೆಲವು ವಿಝಾರ್ಡ್‌ಗಳಿಗೂ ಮಾತ್ರ ಜಾವಾ ಬೇಕು. ಪತ್ರ, ಪಟ್ಟಿ ಮಾಡುವವರಿಗೆ ಅದು ಇಲ್ಲದಿದ್ದರೂ ನಡೆಯುತ್ತದೆ.

ಲಿಬ್ರೆ ಆಫೀಸನ್ನು ಹೊಸ ಆವೃತ್ತಿಗೆ ಏರಿಸುವ ಮುನ್ನ ಆ ಚಿಹ್ನೆಯ ಮೇಲೆ ಬಲಗಡೆ ಒತ್ತಿ ಕ್ವಿಕ್‌ಸ್ಟಾರ್ಟರನ್ನು ನಿಲ್ಲಿಸಿ. ಇಲ್ಲದಿದ್ದರೆ ಫೈಲುಗಳು ಬಳಕೆಯಲ್ಲಿವೆ ಎಂದು ಇನ್‌ಸ್ಟಾಲರ್ ಅಡ್ಡಗಾಲು ಹಾಕುತ್ತದೆ.

ಮೈಕ್ರೋಸಾಫ್ಟ್ ಆಫೀಸ್

ಇದು ಹೊಸ ಉಪಾಯವೇನಲ್ಲ. ಆಫೀಸ್ 97ರ ಕಾಲದಲ್ಲೇ ಸ್ಟಾರ್ಟಪ್ ಫೋಲ್ಡರಿನಲ್ಲಿ ‘ಆಫೀಸ್ ಸ್ಟಾರ್ಟಪ್’ ಎಂಬ ಶಾರ್ಟ್‌ಕಟ್ ಬಂದು ಕೂರುತ್ತಿತ್ತು. 2025ರಲ್ಲಿ ಮೈಕ್ರೋಸಾಫ್ಟ್ ಅದೇ ಯೋಚನೆಯನ್ನು ‘ಸ್ಟಾರ್ಟಪ್ ಬೂಸ್ಟ್’ ಎಂಬ ಹೆಸರಿನಲ್ಲಿ, ವರ್ಡ್‌ನಿಂದ ಆರಂಭಿಸಿ ಮತ್ತೆ ತಂದಿತು. ಚಂದಾ ಕಟ್ಟಿ ಬಳಸುವ ಮೈಕ್ರೋಸಾಫ್ಟ್ 365 ಇದ್ದವರು ಫೈಲ್, ಆಪ್ಷನ್ಸ್, ಜನರಲ್ ಪುಟದಲ್ಲಿ ಹುಡುಕಿ. 8 ಜಿಬಿ ರ‍್ಯಾಮ್ ಮತ್ತು ಡಿಸ್ಕಿನಲ್ಲಿ 5 ಜಿಬಿ ಖಾಲಿ ಜಾಗ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ; ಎನರ್ಜಿ ಸೇವರ್ ಆನ್ ಆಗಿದ್ದರೆ ತಾನೇ ಸುಮ್ಮನಾಗುತ್ತದೆ. ಬೇಡವೆಂದರೆ ಈ ಪುಟದಲ್ಲೇ ಆಫ್ ಮಾಡಿ. ಟಾಸ್ಕ್ ಶೆಡ್ಯೂಲರಿನಲ್ಲಿ ಆಫ್ ಮಾಡಿದರೆ ಆಫೀಸ್ ಮುಂದಿನ ಅಪ್‌ಡೇಟ್ ಆದಾಗ ಅದನ್ನು ಮತ್ತೆ ಎಬ್ಬಿಸುತ್ತದೆ.

ಆದರೆ ಬಹಳಷ್ಟು ತೋಟದ ಆಫೀಸು, ಸಹಕಾರ ಸಂಘ, ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ಇರುವುದು ಒಮ್ಮೆ ಹಾಕಿಸಿದ 2013, 2016ರ ಆಫೀಸ್. ಅಲ್ಲಿ ನಾವೇ ಒಂದು ಪುಟ್ಟ ಏರ್ಪಾಡು ಮಾಡಬೇಕು: ಲಾಗಿನ್ ಆದ ಒಂದು ನಿಮಿಷದ ಮೇಲೆ ಖಾಲಿ ಎಕ್ಸೆಲನ್ನು ಕೆಳಗಿಳಿಸಿದ ಸ್ಥಿತಿಯಲ್ಲಿ ತೆರೆದಿಡುವುದು.

ನೋಟ್‌ಪ್ಯಾಡ್ ತೆರೆಯಿರಿ. ಎರಡೇ ಸಾಲು, ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ಮೊದಲ ಸಾಲು: ‘ಟೈಮ್‌ಔಟ್’ ಎಂಬ ಪದ, ಒಂದು ಜಾಗ, ಸ್ಲ್ಯಾಶ್ ಮತ್ತು ಟಿ, ಒಂದು ಜಾಗ, 60, ಒಂದು ಜಾಗ, ಸ್ಲ್ಯಾಶ್ ಮತ್ತು ‘ನೋಬ್ರೇಕ್’. ಎರಡನೇ ಸಾಲು: ‘ಸ್ಟಾರ್ಟ್’ ಎಂಬ ಪದ, ಒಂದು ಜಾಗ, ಒಳಗೆ ಏನೂ ಇಲ್ಲದ ಜೋಡಿ ಉದ್ಧರಣ ಚಿಹ್ನೆ, ಒಂದು ಜಾಗ, ಸ್ಲ್ಯಾಶ್ ಮತ್ತು ‘ಮಿನ್’, ಒಂದು ಜಾಗ, ‘ಎಕ್ಸೆಲ್’, ಒಂದು ಜಾಗ, ಸ್ಲ್ಯಾಶ್ ಮತ್ತು ಇ. ಸ್ಲ್ಯಾಶ್ ಎಂದರೆ ಪ್ರಶ್ನಾರ್ಥಕ ಚಿಹ್ನೆ ಇರುವ ಕೀಲಿಯದ್ದು, ತಿರುಗುಮುರುಗಾದದ್ದಲ್ಲ. ಖಾಲಿ ಉದ್ಧರಣ ಚಿಹ್ನೆ ಯಾಕೆಂದರೆ, ಸ್ಟಾರ್ಟ್ ಆಜ್ಞೆ ಮೊದಲು ಕಂಡ ಉದ್ಧರಣದೊಳಗಿನದನ್ನು ಕಿಟಕಿಯ ಹೆಸರು ಎಂದು ತಿಳಿಯುತ್ತದೆ. ಮುಂದೊಂದು ದಿನ ನೀವು ಅಲ್ಲಿ ಪೂರ್ತಿ ವಿಳಾಸ ಹಾಕಿದರೆ ಎಡವಟ್ಟಾಗದಿರಲಿ ಎಂದು. ಕೊನೆಯ ಇ ಅಕ್ಷರ ಎಕ್ಸೆಲ್‌ಗೆ ಸ್ವಾಗತ ಪರದೆಯನ್ನೂ ಹೊಸ ಹಾಳೆಯನ್ನೂ ತೋರಿಸಬೇಡ ಎಂದು ಹೇಳುತ್ತದೆ.

ಸೇವ್ ಮಾಡುವಾಗ ‘ಸೇವ್ ಆ್ಯಸ್ ಟೈಪ್’ನಲ್ಲಿ ಆಲ್ ಫೈಲ್ಸ್ ಆರಿಸಿ, ಹೆಸರಿನ ಕೊನೆಗೆ ಚುಕ್ಕೆ ಬ್ಯಾಟ್ ಎಂದು ಕೊಟ್ಟು ಡಾಕ್ಯುಮೆಂಟ್ಸ್‌ನಲ್ಲಿ ಇಡಿ. ಎಡವುವುದು ಹೆಚ್ಚಾಗಿ ಇಲ್ಲೇ: ಟೈಪ್ ಬದಲಿಸದಿದ್ದರೆ ಬ್ಯಾಟ್ ಆದ ಮೇಲೆ ಚುಕ್ಕೆ ಟಿಎಕ್ಸ್‌ಟಿ ಅಂಟಿಕೊಳ್ಳುತ್ತದೆ, ಅದು ನಿಮ್ಮ ಕಣ್ಣಿಗೂ ಕಾಣುವುದಿಲ್ಲ, ಪ್ರತಿ ಬೆಳಿಗ್ಗೆ ನೋಟ್‌ಪ್ಯಾಡ್ ತೆರೆದು ಆ ಎರಡು ಸಾಲು ತೋರಿಸುತ್ತದೆ.

ಈಗ ಆ ಫೈಲಿಗೆ ಒಂದು ಶಾರ್ಟ್‌ಕಟ್ ಮಾಡಿ. ಅದರ ಪ್ರಾಪರ್ಟೀಸ್‌ನಲ್ಲಿ ‘ರನ್’ ಎಂಬುದನ್ನು ಮಿನಿಮೈಸ್‌ಡ್ ಎಂದು ಬದಲಿಸಿ; ಹೀಗೆ ಮಾಡದಿದ್ದರೆ ಒಂದು ನಿಮಿಷ ಕಪ್ಪು ಕಿಟಕಿ ಎದುರಿಗೆ ನಿಂತಿರುತ್ತದೆ, ವೈರಸ್ ಬಂತೆಂದು ಯಾರಾದರೂ ಮುಚ್ಚುತ್ತಾರೆ. ಆಮೇಲೆ ವಿಂಡೋಸ್ ಕೀ ಮತ್ತು ಆರ್ ಒತ್ತಿ, ಶೆಲ್ ಕೋಲನ್ ಸ್ಟಾರ್ಟಪ್ ಎಂದು ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಕೊಡಿ. ತೆರೆದ ಫೋಲ್ಡರಿಗೆ ಶಾರ್ಟ್‌ಕಟ್ ಹಾಕಿ.

60 ಸೆಕೆಂಡ್ ಕಾಯಿಸುವುದು ಸೋಮಾರಿತನಕ್ಕಲ್ಲ. ಲಾಗಿನ್ ಆದ ಕೂಡಲೇ ಆಂಟಿವೈರಸ್, ಪ್ರಿಂಟರ್ ತಂತ್ರಾಂಶ, ನುಡಿ ಅಥವಾ ಬರಹ ಕೀಬೋರ್ಡ್ ಎಲ್ಲವೂ ಒಂದೇ ಡಿಸ್ಕಿಗೆ ಮುಗಿಬೀಳುತ್ತವೆ. ಆ ನೂಕುನುಗ್ಗಲಿನಲ್ಲಿ ಎಕ್ಸೆಲನ್ನೂ ತಳ್ಳಿದರೆ ಎಲ್ಲವೂ ನಿಲ್ಲುತ್ತದೆ. ಹಾರ್ಡ್ ಡಿಸ್ಕ್ ತೀರಾ ಹಳೆಯದಾದರೆ 120 ಕೊಡಿ. ವರ್ಡ್ ಕೂಡ ಬೇಕಿದ್ದರೆ ಇನ್ನೊಂದು 30 ಸೆಕೆಂಡಿನ ಟೈಮ್‌ಔಟ್ ಸಾಲು ಹಾಕಿ, ಅದರ ಕೆಳಗೆ ‘ವಿನ್‌ವರ್ಡ್’ಗೆ ಅದೇ ಥರದ ಸ್ಟಾರ್ಟ್ ಸಾಲು ಬರೆಯಿರಿ, ಕೊನೆಯ ಸ್ಲ್ಯಾಶ್ ಇ ಇಲ್ಲದೆ. ಇವೆರಡನ್ನೂ ಮೀರಿ ಪವರ್‌ಪಾಯಿಂಟ್, ಔಟ್‌ಲುಕ್ ಎಂದು ಹಂಡೆ ಸಾಲು ಇಡುವುದು ಬೇಡ.

ಇದನ್ನೇ ಟಾಸ್ಕ್ ಶೆಡ್ಯೂಲರಿನಲ್ಲಿ ಮಾಡಬಾರದೇ ಎಂದರೆ, ಮಾಡಬಹುದು. ಆದರೆ ಅದು ತಾನು ಎಬ್ಬಿಸಿದ ತಂತ್ರಾಂಶಕ್ಕೆ ಸಾಮಾನ್ಯಕ್ಕಿಂತ ಕೆಳಗಿನ ಆದ್ಯತೆ ಕೊಡುತ್ತದೆ (ಅದರ ಎಣಿಕೆಯಲ್ಲಿ 7). ಬೇಗ ತೆರೆಯಲಿ ಎಂದು ಎಬ್ಬಿಸಿದ ಎಕ್ಸೆಲ್ ಇಡೀ ದಿನ ಸರದಿಯ ಕೊನೆಯಲ್ಲಿ ನಿಂತು ಕೆಲಸ ಮಾಡಬೇಕಾಗುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿದ್ದರೆ, ಅಂದರೆ ಕರೆಂಟ್ ಇಲ್ಲದಾಗ, ಆ ಟಾಸ್ಕ್ ಶುರುವಾಗುವುದೂ ಇಲ್ಲ. ಕಂಡೀಷನ್ಸ್ ಪುಟದ ಟಿಕ್ ತೆಗೆಯಬೇಕು. ಸ್ಟಾರ್ಟಪ್ ಫೋಲ್ಡರಿನ ದಾರಿಯಲ್ಲಿ ಈ ರಗಳೆ ಇಲ್ಲ.

ಏರ್ಪಾಡು ಉಳಿಯಬೇಕಾದರೆ ಒಂದು ಅಭ್ಯಾಸ ಬದಲಾಗಬೇಕು. ಕೆಲಸ ಮುಗಿದ ಫೈಲನ್ನು ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಮುಚ್ಚಿದರೆ, ಅದು ಕೊನೆಯ ಕಿಟಕಿಯಾಗಿದ್ದಲ್ಲಿ ಎಕ್ಸೆಲ್ಲೇ ಹೊರಟುಹೋಗುತ್ತದೆ. ಕಂಟ್ರೋಲ್ ಮತ್ತು ಡಬ್ಲ್ಯೂ ಒತ್ತಿ. ಫೈಲ್ ಮಾತ್ರ ಮುಚ್ಚುತ್ತದೆ, ಖಾಲಿ ಎಕ್ಸೆಲ್ ಉಳಿಯುತ್ತದೆ. ಮರೆತು ಮುಚ್ಚಿದರೂ ನಷ್ಟವೇನಿಲ್ಲ, ಚೂರುಗಳು ಸ್ವಲ್ಪ ಹೊತ್ತು ರ‍್ಯಾಮ್‌ನಲ್ಲೇ ಇರುತ್ತವೆ.

ವಿಂಡೋಸ್ ತಾನೇ ಮಾಡುವ ಕೆಲಸವನ್ನು ಕೆಡಿಸಬೇಡಿ

ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ಪ್ರೀಫೆಚ್ ಇದೆ. ಒಂದು ತಂತ್ರಾಂಶ ತೆರೆದ ಮೊದಲ 10 ಸೆಕೆಂಡಿನಲ್ಲಿ ಅದು ಯಾವ ಯಾವ ಫೈಲಿನ ಯಾವ ಭಾಗ ಓದಿತು ಎಂದು ನೋಡಿಕೊಂಡು, ವಿಂಡೋಸ್ ಫೋಲ್ಡರಿನೊಳಗಿನ ಪ್ರೀಫೆಚ್ ಫೋಲ್ಡರಿನಲ್ಲಿ ಒಂದು ಪುಟ್ಟ ಚೀಟಿ ಬರೆದಿಡುತ್ತದೆ. ಮುಂದಿನ ಸಲ ಆ ಚೀಟಿ ನೋಡಿ ಎಲ್ಲವನ್ನೂ ಸಾಲಾಗಿ ಓದುತ್ತದೆ. ವಿಸ್ಟಾದಲ್ಲಿ ಇದರ ಮೇಲೆ ಸೂಪರ್‌ಫೆಚ್ ಬಂತು: ನೀವು ಹೆಚ್ಚಾಗಿ ಬಳಸುವುದನ್ನು ಗಮನಿಸಿ ಕೇಳುವ ಮುಂಚೆಯೇ ರ‍್ಯಾಮ್‌ಗೆ ತರುವುದು. ಈಗ ಅದರ ಹೆಸರು ಸಿಸ್‌ಮೇನ್.

‘ಕಂಪ್ಯೂಟರ್ ಸ್ಪೀಡ್ ಮಾಡಿಕೊಡುತ್ತೇವೆ’ ಎನ್ನುವವರು ಮೊದಲು ಕೈ ಹಾಕುವುದು ಈ ಪ್ರೀಫೆಚ್ ಫೋಲ್ಡರಿಗೇ. ಎಲ್ಲ ಆಯ್ದು ಡಿಲೀಟ್. ಚೀಟಿ ಹರಿದು ಹಾಕಿದ ಮೇಲೆ ಪ್ರತಿ ತಂತ್ರಾಂಶವೂ ಮುಂದಿನ ಸಲ ನಿಧಾನವಾಗಿಯೇ ತೆರೆಯುತ್ತದೆ. ರ‍್ಯಾಮ್ ಕ್ಲೀನರ್ ಎಂಬ ತಂತ್ರಾಂಶಗಳದ್ದೂ ಇದೇ ಕಥೆ. ‘ಖಾಲಿ ರ‍್ಯಾಮ್’ ಎಂಬ ಅಂಕಿ ದೊಡ್ಡದಾಗಿ ಕಾಣುತ್ತದೆ, ಆದರೆ ಖಾಲಿ ಮಾಡಿದ್ದು ನಿಮ್ಮ ಬಿಸಿ ನೀರನ್ನೇ.

ಸಿಸ್‌ಮೇನ್ ನಡೆಯುತ್ತಿದೆಯೇ ಎಂದು ಸರ್ವಿಸಸ್ ಪಟ್ಟಿಯಲ್ಲಿ ನೋಡಿ: ರನ್ನಿಂಗ್, ಆಟೊಮ್ಯಾಟಿಕ್ ಎಂದಿರಬೇಕು. 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್ ಇರುವಲ್ಲಿ ಡಿಸ್ಕ್ ಬಹಳ ಹೊತ್ತು 100 ಶೇಕಡಾದಲ್ಲೇ ನಿಂತರೆ, ಒಂದು ವಾರ ಅದನ್ನು ನಿಲ್ಲಿಸಿ ಮತ್ತೆ ಸ್ಟಾಪ್‌ವಾಚ್ ಹಿಡಿಯಿರಿ. ವ್ಯತ್ಯಾಸ ಕಾಣದಿದ್ದರೆ ವಾಪಸ್ ಹಾಕಿ.

ಕರೆಂಟು: ಕೊಡಗಿನಲ್ಲಿ ಅಸಲಿ ವಿಷಯ ಇದು

ರ‍್ಯಾಮ್‌ಗೆ ತುಂಬಿಸಿದ್ದೆಲ್ಲ ಕರೆಂಟ್ ಹೋದ ಕ್ಷಣ ಹೋಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ನಾಲ್ಕು ಸಲ ಕಂಪ್ಯೂಟರ್ ಆಫ್ ಆಗುವ ಕಡೆ ಪ್ರೀಲೋಡಿಗೂ ನಾಲ್ಕು ಸಲ ಬೆಲೆ ತೆರಬೇಕು. ಆಫ್ ಆಗದಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಇನ್ವರ್ಟರ್ ಇದ್ದೂ ಕರೆಂಟ್ ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಇನ್ವರ್ಟರಿನ ಹಿಂದೆ ನೋಡಿ. ಅನೇಕ ಮಾದರಿಗಳಲ್ಲಿ ನಾರ್ಮಲ್, ಯುಪಿಎಸ್ ಎಂಬ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿ ಅದು ಬ್ಯಾಟರಿಗೆ ಬದಲಾಗಲು ತೆಗೆದುಕೊಳ್ಳುವ ಸಮಯ ಫ್ಯಾನು, ಬಲ್ಬಿಗೆ ಸಾಕು, ಕಂಪ್ಯೂಟರಿಗೆ ಜಾಸ್ತಿ. ಯುಪಿಎಸ್ ಕಡೆಗೆ ಸರಿಸಿ. ಆದರೆ ವೋಲ್ಟೇಜ್ ತೀರಾ ಇಳಿಯುವ ಊರುಗಳಲ್ಲಿ ಆ ಸ್ಥಿತಿಯಲ್ಲಿ ಇನ್ವರ್ಟರ್ ಪದೇ ಪದೇ ಬ್ಯಾಟರಿಗೆ ಹೋಗಿ ಚಾರ್ಜ್ ಇಳಿಸುತ್ತದೆ. ಹಾಗಾದರೆ ಕಂಪ್ಯೂಟರಿಗೆ ಮಾತ್ರ ಸಣ್ಣ ಯುಪಿಎಸ್ ಇಡುವುದೇ ಒಳ್ಳೆಯದು. 600 ವಿಎ ಯುಪಿಎಸ್ ಒಳಗಿನ 12 ವೋಲ್ಟ್, 7 ಎಎಚ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲಿ, ಪ್ಲಗ್ ಕಿತ್ತು ಎಷ್ಟು ನಿಮಿಷ ನಿಲ್ಲುತ್ತದೆ ನೋಡಿಬಿಡಿ.

ಕರೆಂಟ್ ಬೇಗ ಬರುವ ಲಕ್ಷಣ ಇಲ್ಲದಾಗ ಶಟ್‌ಡೌನ್ ಬದಲು ಹೈಬರ್ನೇಟ್ ಮಾಡಿ. ರ‍್ಯಾಮ್‌ನಲ್ಲಿ ಇದ್ದದ್ದೆಲ್ಲ ಡಿಸ್ಕಿಗೆ ಒಂದೇ ಫೈಲಾಗಿ ಇಳಿಯುತ್ತದೆ. ಮತ್ತೆ ಆನ್ ಮಾಡಿದಾಗ ಎಕ್ಸೆಲ್, ಬ್ರೌಸರ್, ಅರ್ಧ ಬರೆದ ಅರ್ಜಿ ಎಲ್ಲ ಇದ್ದಲ್ಲೇ. ಸಾಲಾಗಿ ಓದುವುದರಿಂದ ಹಾರ್ಡ್ ಡಿಸ್ಕಿನಲ್ಲೂ ಇದು ಒಂದೊಂದಾಗಿ ತೆರೆಯುವುದಕ್ಕಿಂತ ಬೇಗ. ಸ್ಲೀಪ್ ಹಾಗಲ್ಲ, ಅದು ರ‍್ಯಾಮ್‌ಗೆ ಕರೆಂಟ್ ಕೊಡುತ್ತಲೇ ಇರಬೇಕು, ಡೆಸ್ಕ್‌ಟಾಪಿನಲ್ಲಿ ಯುಪಿಎಸ್ ಸತ್ತರೆ ಅದೂ ಸತ್ತಿತು. ಹೈಬರ್ನೇಟ್ ಪಟ್ಟಿಯಲ್ಲಿ ಕಾಣದಿದ್ದರೆ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ ಎಂಬಲ್ಲಿ ಟಿಕ್ ಹಾಕಿ. ಅದೇ ಪುಟದ ‘ಫಾಸ್ಟ್ ಸ್ಟಾರ್ಟಪ್’ ಬೇರೆ: ಅದು ವಿಂಡೋಸಿನ ತಿರುಳನ್ನು ಮಾತ್ರ ಉಳಿಸುತ್ತದೆ, ನಿಮ್ಮ ಎಕ್ಸೆಲನ್ನಲ್ಲ, ಅದೂ ಶಟ್‌ಡೌನ್ ಮಾಡಿದಾಗ ಮಾತ್ರ.

ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ತಾನೇ ಆನ್ ಆಗುವಂತೆ ಬಯೋಸ್‌ನಲ್ಲಿ (ವಿಂಡೋಸಿಗೂ ಮೊದಲು ಬರುವ ಸೆಟ್ಟಿಂಗ್ ಪುಟದಲ್ಲಿ) ಇಡಬಹುದು. ಯುಪಿಎಸ್ ಇಲ್ಲದಿದ್ದರೆ ಇದನ್ನು ಮಾಡಬೇಡಿ. ಗಾಳಿ ಮಳೆಯಲ್ಲಿ ಲೈನ್ ಒಂದೇ ಸಲಕ್ಕೆ ಬಂದು ನಿಲ್ಲುವುದು ಅಪರೂಪ. ಬಂದು ಹೋಗಿ ಬರುವ ಆ ಎರಡು ನಿಮಿಷದಲ್ಲಿ ಡಿಸ್ಕ್ ತಿರುಗುತ್ತಿರುವುದು ಅಪಾಯ.

ಎರಡನೇ ಸಲವೂ ನಿಧಾನವಾದರೆ

ಪ್ರಿಂಟರ್ ನೋಡಿ. ವರ್ಡ್, ಎಕ್ಸೆಲ್ ತೆರೆಯುವಾಗ ಡಿಫಾಲ್ಟ್ ಪ್ರಿಂಟರನ್ನು ವಿಚಾರಿಸುತ್ತವೆ. ಅದು ಪಕ್ಕದ ಕೋಣೆಯ ನೆಟ್‌ವರ್ಕ್ ಪ್ರಿಂಟರ್ ಆಗಿದ್ದು ಆಫ್ ಆಗಿದ್ದರೆ, ಉತ್ತರ ಬರುವವರೆಗೆ ಕಾಯುತ್ತವೆ. ‘ಪ್ರಿಂಟ್ ಟು ಪಿಡಿಎಫ್’ ಅನ್ನು ಡಿಫಾಲ್ಟ್ ಮಾಡಿ ಪರೀಕ್ಷಿಸಿ.

ಆಮೇಲೆ ಆ್ಯಡ್-ಇನ್. ಕಂಟ್ರೋಲ್ ಕೀ ಒತ್ತಿ ಹಿಡಿದು ಎಕ್ಸೆಲ್ ಚಿಹ್ನೆ ಒತ್ತಿದರೆ ಸೇಫ್ ಮೋಡ್ ಬೇಕೇ ಎಂದು ಕೇಳುತ್ತದೆ. ಸೇಫ್ ಮೋಡಿನಲ್ಲಿ ಬೇಗ ತೆರೆದರೆ ಫೈಲ್, ಆಪ್ಷನ್ಸ್, ಆ್ಯಡ್-ಇನ್ಸ್‌ನಲ್ಲಿ ಕಾಮ್ ಆ್ಯಡ್-ಇನ್ಸ್ ಪಟ್ಟಿ ತೆರೆದು ಒಂದೊಂದಾಗಿ ಟಿಕ್ ತೆಗೆಯಿರಿ. ಪಿಡಿಎಫ್ ತಂತ್ರಾಂಶಗಳು ತಾವಾಗಿ ಸೇರಿಸಿದ್ದು ಅಲ್ಲಿ ಹೆಚ್ಚಾಗಿ ಸಿಗುತ್ತದೆ. ಡಿಟಿಪಿ ಅಂಗಡಿಯವರು ಫಾಂಟ್ ಫೋಲ್ಡರನ್ನೂ ಒಮ್ಮೆ ನೋಡಬೇಕು. ಯಾವ ಕಾಲದಲ್ಲೋ ಹಾಕಿದ ನೂರಾರು ಫಾಂಟುಗಳಲ್ಲಿ ಬಳಸುವುದು ಹತ್ತು.

ವಿಂಡೋಸ್ ಬದಲು ಲಿನಕ್ಸಿನ ಉಬುಂಟು, ಮಿಂಟ್ ಬಳಸುವವರಿಗೆ ‘ಪ್ರೀಲೋಡ್’ ಎಂಬ ಹೆಸರಿನದ್ದೇ ತಂತ್ರಾಂಶ ಇದೆ. 2005ರ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಹುಟ್ಟಿದ್ದು. ನಿಮ್ಮ ಬಳಕೆ ನೋಡಿ ಕಲಿಯುತ್ತದೆ, ಆದ್ದರಿಂದ ಹಾಕಿದ ದಿನವೇ ಫಲ ಕೇಳಬೇಡಿ. ಅದರ ಸೆಟ್ಟಿಂಗ್ ಫೈಲಿನಲ್ಲಿ ‘ಸಾರ್ಟ್‌ಸ್ಟ್ರಾಟಜಿ’ ಹಾರ್ಡ್ ಡಿಸ್ಕಿಗೆ 3 ಇರಲಿ, ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ, ಚಿಪ್‌ನ ಡಿಸ್ಕಿಗೆ) 0 ಮಾಡಿ.

ಕೊನೆಗೆ, ದುಡ್ಡು ಹಾಕಲು ಮನಸ್ಸಿದ್ದರೆ ಹಾರ್ಡ್ ಡಿಸ್ಕ್ ತೆಗೆದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿಗೆ ಏರಿಸಿ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಆ 13 ಮಿಲಿಸೆಕೆಂಡಿನ ಲೆಕ್ಕವೇ ಇಲ್ಲ. ಅದನ್ನು ಹಾಕಿದ ಮೇಲೆ ಮೇಲಿನ ಎರಡು ಸಾಲಿನ ಫೈಲನ್ನು ಸ್ಟಾರ್ಟಪ್‌ನಿಂದ ತೆಗೆದರೂ ನಡೆಯುತ್ತದೆ. ರ‍್ಯಾಮ್ ಕೊಳ್ಳುವ ಮುಂಚೆ ಡಿಡಿಆರ್3 ಬೇಕೇ, ಡಿಡಿಆರ್4 ಬೇಕೇ ಎಂದು ಖಚಿತ ಮಾಡಿಕೊಳ್ಳಿ, ಕಚ್ಚಿನ ಜಾಗ ಬೇರೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಮಳೆಗಾಲ ಮುಗಿದ ಮೇಲೆ ಕಂಪ್ಯೂಟರ್ ಆನ್ ಆಗದೆ ಬೀಪ್ ಎನ್ನುತ್ತಿದ್ದರೆ ಥಂಡಿಗೆ ರ‍್ಯಾಮ್‌ನ ಚಿನ್ನದ ಬಣ್ಣದ ಹಲ್ಲುಗಳು ಮಸುಕಾಗಿರಬಹುದು: ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಚಾರ್ಜ್ ಇಳಿಸಿ, ರ‍್ಯಾಮ್ ತೆಗೆದು ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ರಬ್ಬರಿನ ಪುಡಿ ಒರೆಸಿ, ಎರಡೂ ತುದಿಯ ಕ್ಲಿಪ್ ಟಕ್ಕೆನ್ನುವವರೆಗೆ ಒತ್ತಿ ಕೂರಿಸಿ.